ಉಡಿ ತುಂಬಿದ ಗಿಟಾರು

ಹಳೆಯ ಮರದ ವಾಸನೆ, ಅದರೊಳಗೆ ಕಲ್ಲಿದ್ದಲಿನ ಹೊಗೆ, ಹೊಗೆಯ ಹಿಂದೆ ಎಲ್ಲೋ ದೂರದಲ್ಲಿ ಒಣಗಿದ ನಿಂಬೆ ಸಿಪ್ಪೆಯಂಥದೊಂದು ಕಂಪು… ಹತ್ತು ವರ್ಷದವಳಿದ್ದಾಗ ನಾನು ಗಿಟಾರಿನ ದುಂಡನೆಯ ಬಾಯಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ಅಪ್ಪ ಬೈಯುವವರೆಗೂ ಕುಳಿತಿರುತ್ತಿದ್ದೆ. ಆಮೇಲೆ ಕಲಬುರಗಿಯಲ್ಲಿ ಕಾಲೇಜು ಓದಿದೆ, ಮೂವತ್ತೆಂಟು ವರ್ಷ ಪಾಠ ಹೇಳಿದೆ. ಅಂಥ ವಾಸನೆ ಮತ್ತೆಲ್ಲೂ ಸಿಗಲಿಲ್ಲ.

ಹೋದ ಶ್ರಾವಣದಲ್ಲಿ ಸೇಡಂನಲ್ಲಿ ಮೂರು ದಿನ ಬಿಡದೆ ಮಳೆ. ಕಾಗಿಣಾ ಹೊಳೆ ತುಂಬಿ ಬಸ್ಸುಗಳು ನಿಂತಿದ್ದವು. ಸಂಜೆ ಕರೆಂಟೂ ಹೋಯಿತು. ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ತಾಜುನ್ನಿಸಾ, ದವಾಖಾನೆಯಲ್ಲಿ ನರ್ಸು, ಮೊಬೈಲಿನ ಬೆಳಕು ಹಿಡಿದು ಇಳಿದು ಬಂದಳು. ನಾನು ಒಬ್ಬಳೇ ಕತ್ತಲಲ್ಲಿ ಇರಬಾರದೆಂದು ಬಂದವಳು, ಆದರೆ ಹಾಗೆ ಹೇಳಲಿಲ್ಲ, ಕಡ್ಡಿಪೆಟ್ಟಿಗೆ ಬೇಕಿತ್ತು ಎಂದಳು. ಅವಳ ಹಿಂದೆಯೇ ಪಕ್ಕದ ಮನೆಯ ಸಾಯಬಣ್ಣ, ರಿಟೈರಾದ ಪೋಸ್ಟ್‌ಮ್ಯಾನ್, ಹುರಿದ ಶೇಂಗಾದ ಪೊಟ್ಟಣ ಹಿಡಿದು ಬಂದ. ಕಡ್ಡಿಪೆಟ್ಟಿಗೆ ಹುಡುಕಲು ಒಳಗೆ ಹೋದ ತಾಜುನ್ನಿಸಾ ಗಿಟಾರು ಎತ್ತಿಕೊಂಡು ಬಂದಳು.

"ಅಕ್ಕೋರ, ಇದು ಎಷ್ಟು ಛಂದ ಅದ! ತಂತಿ ಎಲ್ಲಾ ಜೋತ ಬಿದ್ದಾವ. ಬಿಗೀ ಮಾಡ್ಲೇನ್ರಿ?"

"ಬ್ಯಾಡ!"

ಕ್ಲಾಸಿನಲ್ಲಿ ಕೂಡ ನಾನು ಅಷ್ಟು ಜೋರಾಗಿ ಕೂಗಿದವಳಲ್ಲ. ಹುಡುಗಿಯ ಕೈ ಬಿರಡೆಯ ಮೇಲೆಯೇ ನಿಂತಿತು. ಸಾಯಬಣ್ಣ ಮಾತ್ರ ನಕ್ಕ.

"ತಂತಿ ಅದಾವ, ಬಾರಿಸೂ ಹಂಗಿಲ್ಲ. ನನ್ನ ಸೊಸಿ ಬಾಯಿಗೂ ಹಿಂಗ ಸಡ್ಲ ಮಾಡಿ ಇಡೋ ವಿದ್ಯಾ ಕಲಸ್ರಿ ಅಕ್ಕೋರ, ಪುಣ್ಯಾ ಬರ್ತದ."

"ಕುಂದ್ರೋ ಸಾಯಬಣ್ಣ," ಎಂದೆ. "ತಂಗಿ, ನೀನೂ ಕುಂದ್ರು. ಹೆದರಬ್ಯಾಡ, ನಿನ್ನ ಮ್ಯಾಲ ಸಿಟ್ಟಿಲ್ಲ. ಇದನ್ನ ಇಲ್ಲೀತನಕ ಯಾರ ಮುಂದೂ ಹೇಳಿಲ್ಲ ನಾ. ಇದರಾಗ ನಂದೂ ಒಂದು ತಪ್ಪದ."

ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ಹೊರಗೆ ಮಳೆ ಹಾಗೇ ಸುರಿಯುತ್ತಿತ್ತು.

ನಾವಾಗ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮಪ್ಪ ಅಂಬರಾಯ ಪಾರ್ಸಲ್ ಕ್ಲಾರ್ಕು. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ನನ್ನನ್ನೂ ನನ್ನ ಅಕ್ಕ ಶಿವಕಾಂತಮ್ಮನನ್ನೂ ಸಾಕಿದವಳು ಅಪ್ಪನ ತಾಯಿ ಗುರುಲಿಂಗಮ್ಮ, ನಮ್ಮ ಆಯಿ. ಶಹಾಬಾದ್ ಕಲ್ಲಿನ ಗೋಡೆ, ಅದೇ ಕಲ್ಲಿನ ನೆಲ, ಅದೇ ಕಲ್ಲಿನ ಮಾಳಿಗೆ… ಬೇಸಿಗೆಯಲ್ಲಿ ಆ ಮನೆ ಒಲೆಯ ಮೇಲಿನ ಹಂಚು. ಎದುರಿನ ದೊಡ್ಡ ಕ್ವಾರ್ಟರ್ಸಿನಲ್ಲಿ ಒಬ್ಬ ಆಂಗ್ಲೋ-ಇಂಡಿಯನ್ ಇಂಜಿನ್ ಡ್ರೈವರ್ ಇದ್ದ. ನಾವೆಲ್ಲ ಅವನನ್ನು ಡ್ರೈವರ್ ಸಾಹೇಬ ಎನ್ನುತ್ತಿದ್ದೆವು. ಅವನ ಹೆಂಡತಿಯ ಹೆಸರು ಐವಿ. ಆಯಿಯ ನಾಲಿಗೆಯಲ್ಲಿ ಅದು ಐವಮ್ಮ ಆಯಿತು, ಅವಳಿಗೂ ಆ ಹೆಸರು ಹಿಡಿಸಿತು.

ಮದ್ರಾಸ್ ಮೇಲ್ ಹೊರಟುಹೋದ ಮೇಲೆ ವಾಡಿಯಲ್ಲಿ ಒಂದು ಮೌನ ಇಳಿಯುತ್ತಿತ್ತು ನೋಡಿ, ಆ ಹೊತ್ತಿಗೆ ಐವಮ್ಮ ತನ್ನ ಪಡಸಾಲೆಯಲ್ಲಿ ಕುಳಿತು ಗಿಟಾರು ಬಾರಿಸುತ್ತಿದ್ದಳು. ಅದು ಆಗಲೇ ಬಹಳ ಹಳೆಯದು. ಅವಳು ಬೆಳೆದ ಅನಾಥಾಶ್ರಮದ ಮುದುಕಿ ಮೇಡಮ್ ಕೊಟ್ಟದ್ದಂತೆ, ಆ ಮೇಡಮ್ಮಿಗೆ ಅವಳ ತಾಯಿ ಕೊಟ್ಟದ್ದಂತೆ. ನನ್ನ ಜಡೆಗೆ ಐವಮ್ಮ ರಿಬ್ಬನ್ನು ಕಟ್ಟುತ್ತಿದ್ದಳು. ಆಯಿಯ ಮೊಣಕಾಲು ನೋವಿಗೆಂದು ಸಾಹೇಬ ಇಂಜಿನ್ನಿನಿಂದ ಒಂದು ಡಬ್ಬಿ ಕುದಿನೀರು ಕಳಿಸುತ್ತಿದ್ದ. ಆಯಿ ಇತ್ತಲಿಂದ ಬೆಳ್ಳುಳ್ಳಿ ಚಟ್ನಿ ಕಳಿಸುತ್ತಿದ್ದಳು. ಐವಮ್ಮ ಅದನ್ನು ತಿಂದು ಕಣ್ಣೀರು ಒರೆಸಿಕೊಂಡು, ಮತ್ತೆ ಬೇಕೆಂದು ಬಟ್ಟಲು ಹಿಡಿಯುತ್ತಿದ್ದಳು.

ಅವಳು ಬಸುರಿಯಾದಾಗ ಒಂದು ದಿನ ನಮ್ಮ ಹೊಸ್ತಿಲಲ್ಲಿ ಕುಳಿತು ಆಯಿಯನ್ನು ಕೇಳಿದಳು.

"ಆಯಿ, ನಿಮ್ಮ ಕಡಿ ಹುಡಗ್ಯಾರು ಚೊಚ್ಚಲ ಹೆರಿಗಿಗೆ ತವರಮನಿಗೆ ಹೋಗ್ತಾರಂತಲ್ಲ? ನನಗ ತವರಮನಿ ಇಲ್ಲ."

"ಇಲ್ಲ ಅಂದ್ರ? ನಾ ಏನ ಸತ್ತೀನೇನು?" ಆಯಿ ಜೋಳ ಹಸನು ಮಾಡುತ್ತಲೇ ಹೇಳಿದಳು. "ಇದೇ ನಿನ್ನ ತವರಮನಿ. ಬ್ಯಾನಿ ಬಂದ್ರ ಬಾಗಲಾ ಬಡಿ. ನಿನ್ನ ಬಾಣಂತನ ನಾ ಮಾಡ್ತೀನಿ."

ಐವಮ್ಮ ಬೆರಳಿನ ಉಂಗುರದಿಂದ ನಮ್ಮ ಬಾಗಿಲನ್ನು ಮೂರು ಸಲ ತಟ್ಟಿ, "ಹಿಂಗ?" ಎಂದು ನಕ್ಕಳು. ಟಕ್… ಟಕ್… ಟಕ್.

ಆಡಿದ ಮಾತು ಎಷ್ಟು ಸುಲಭ, ಅಲ್ಲವೇ?

ಅದು ನಲವತ್ತೆಂಟನೆಯ ಇಸವಿ. ಸೆಪ್ಟೆಂಬರಿನಲ್ಲಿ ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ರೈಲುಗಳು ನಿಂತವು, ಡ್ರೈವರ್ ಸಾಹೇಬ ತನ್ನ ಗಾಡಿಯೊಂದಿಗೆ ತಾಂಡೂರಿನ ಆಚೆ ಸಿಕ್ಕಿಬಿದ್ದ. ಯಾರು ಬರುತ್ತಾರೆ, ಯಾರನ್ನು ಹೊಡೆಯುತ್ತಾರೆ, ಒಬ್ಬರಿಗೂ ಗೊತ್ತಿಲ್ಲ. ಹಿಂದೂಗಳ ಮನೆಯೂ ಹೆದರಿತ್ತು, ಮುಸಲ್ಮಾನರ ಮನೆಯೂ ಹೆದರಿತ್ತು. ಅಪ್ಪ ಬಾಗಿಲಿಗೆ ಅಗುಳಿ ಹಾಕಿ, ಅಗುಳಿಗೆ ಒನಕೆ ಆನಿಸಿ, ನಮ್ಮನ್ನೆಲ್ಲ ಒಂದೇ ಕೋಣೆಯಲ್ಲಿ ಕೂಡಿಸಿದ್ದ. ಮೂರನೆಯ ದಿನ ಮಟಮಟ ಮಧ್ಯಾಹ್ನ, ಹೊರಗೆ ಜಿಟಿಜಿಟಿ ಮಳೆ, ದೂರದಲ್ಲಿ ಎಲ್ಲೋ ಗುಂಪಿನ ಗದ್ದಲ. ಏಳು ವರ್ಷದ ನಾನು ಗಾಳಿಗಾಗಿ ಬಾಗಿಲ ಬುಡದಲ್ಲಿ ಬೋರಲು ಮಲಗಿದ್ದೆ. ಬಾಗಿಲಿಗೂ ನೆಲಕ್ಕೂ ನಡುವೆ ಎರಡು ಬೆರಳು ಸಂದು.

ಟಕ್… ಟಕ್… ಟಕ್.

"ಯಾರಪಾ ಅದು?" ಆಯಿ ಪಿಸುಗುಟ್ಟಿದಳು.

"ಯಾರರ ಇರ್ಲಿ. ಉಸರ ಬಿಡಬ್ಯಾಡ್ರಿ," ಎಂದ ಅಪ್ಪ.

ಸಂದಿನಲ್ಲಿ ನನಗೆ ಎರಡು ಪಾದ ಕಂಡವು. ಕಂದು ಬಣ್ಣದ, ಪಟ್ಟಿ ಇದ್ದ ಬೂಟು. ಮಳೆಯಲ್ಲಿ ನೆಂದಿದ್ದವು. ಆ ಬೂಟಿಗೆ ನಾನೇ ಎಷ್ಟೋ ಸಲ ಪಟ್ಟಿ ಹಾಕಿಕೊಟ್ಟಿದ್ದೆ, ಹೊಟ್ಟೆ ದೊಡ್ಡದಾಗಿ ಅವಳಿಗೆ ಬಗ್ಗಲು ಆಗುತ್ತಿರಲಿಲ್ಲ. ಬಾಗಿಲಿಗೆ ಬಾಯಿ ಹಚ್ಚಿದಂತೆ ಒಂದು ದನಿ ಬಂತು, ಉಸಿರಿನಷ್ಟೇ: "ಆಯೀ…" ಸಂದಿಗೆ ಕಿವಿ ಇಟ್ಟಿದ್ದ ನನ್ನೊಬ್ಬಳಿಗೇ ಕೇಳಿಸಿತು. ನಾನು ತಿರುಗಿ ಅಪ್ಪನ ಮುಖ ನೋಡಿದೆ. ಅಪ್ಪನ ಕಣ್ಣು ಹೇಗಿದ್ದವೆಂದರೆ… ನಾನು ಬಾಯಿ ಬಿಡಲಿಲ್ಲ.

ಬಿಡಲಿಲ್ಲ. ಅಷ್ಟೇ. ಬೂಟುಗಳು ಬಹಳ ಹೊತ್ತು ನಿಂತಿದ್ದು, ಆಮೇಲೆ ಮೆಲ್ಲಗೆ ತಿರುಗಿ ಹೋದವು.

ಐವಮ್ಮ ಅದೇ ಸಂಜೆ ತನ್ನ ಪಡಸಾಲೆಯಲ್ಲಿ ತೀರಿಹೋದಳು. ಕೂಸು ಹೊಟ್ಟೆಯಲ್ಲೇ ಉಳಿಯಿತು. ಎಲ್ಲ ಶಾಂತವಾದ ಮೇಲೆ ಆಯಿ ಒಮ್ಮೆ ನನ್ನನ್ನು ಕೇಳಿದಳು, "ಅವತ್ತ ಬಾಗಲಾ ಬಡದವರು ಯಾರಂತ ನೀ ಏನರ ನೋಡಿದೇನ ಲಲಿತಾ?" "ಇಲ್ಲಾಯಿ," ಎಂದೆ. ಆಯಿ ಮತ್ತೆ ಕೇಳಲಿಲ್ಲ. ಆದರೆ ಅವತ್ತಿನಿಂದ ಅವಳು ಬೆಳ್ಳುಳ್ಳಿ ಚಟ್ನಿ ಅರೆಯುವುದನ್ನು ಬಿಟ್ಟಳು.

ತಾಜುನ್ನಿಸಾ ಮೇಣದ ಬತ್ತಿಯನ್ನು ನನ್ನ ಹತ್ತಿರ ಸರಿಸಿದಳು. ಸಾಯಬಣ್ಣನ ಕೈಯಲ್ಲಿ ಶೇಂಗಾ ಹಾಗೇ ಇತ್ತು.

ಎರಡು ವರ್ಷ ಕಳೆದು, ಐವತ್ತೊಂದರ ಸಂಕ್ರಾಂತಿ ಹೊತ್ತಿಗೆ, ಡ್ರೈವರ್ ಸಾಹೇಬ ಕೆಲಸ ಬಿಟ್ಟು ಹಡಗು ಹತ್ತಲು ಹೊರಟ. ಹೋಗುವ ಮುಂಚೆ ಗಿಟಾರು ತಂದು ಅಪ್ಪನ ಕೈಯಲ್ಲಿಟ್ಟ. "ಇದು ನಿಮ್ಮ ಮನ್ಯಾಗ ಇರ್ಲಿ. ಆಕಿ ಯಾವಾಗಲೂ ಆಯಿ ಮನಿ, ಆಯಿ ಮನಿ ಅಂತಿದ್ಳು," ಎಂದ. ಅವನಿಗೆ ಆ ಮಧ್ಯಾಹ್ನದ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ಕೊಡುತ್ತಿದ್ದನೇ?

ಅಪ್ಪ ಅದನ್ನು ಎಷ್ಟು ಪ್ರೀತಿಸಿದ ಎಂದು ಹೇಗೆ ಹೇಳಲಿ! ಮುಂದಿನ ಹಲಗೆ ಒಂದು ಕಾಲಕ್ಕೆ ಬೆಳ್ಳಗಿದ್ದದ್ದು ವಯಸ್ಸಾಗಿ ಜೇನಿನ ಬಣ್ಣಕ್ಕೆ ತಿರುಗಿತ್ತು, ಹಿಂದಿನದು ಕಪ್ಪು ಹುಣಸೆಬೀಜದ ಹೊಳಪು. ಬಾಯಿಯ ಸುತ್ತ ಮುತ್ತಿನ ಚಿಪ್ಪಿನ ಒಂದು ಉಂಗುರ. ಕತ್ತಿನ ಮೇಲೆ, ಹಿತ್ತಾಳೆ ಮೆಟ್ಟುಗಳ ನಡುವೆ, ಮರ ಸಣ್ಣ ಸಣ್ಣ ಕುಳಿಯಾಗಿ ಸವೆದಿತ್ತು. ಮೂರು ಹೆಂಗಸರ ಬೆರಳು ಸವೆಸಿದ ಕುಳಿಗಳವು. ಅಪ್ಪ ಆ ಕುಳಿಗಳಲ್ಲಿ ತನ್ನ ಬೆರಳಿಟ್ಟು, "ಇಲ್ಲಿ ಒತ್ತು ಅಂತ ಅವರ ಹೇಳಿಕೊಟ್ಟಂಗ ಆಗ್ತದ," ಎನ್ನುತ್ತಿದ್ದ. ಡ್ಯೂಟಿ ಮುಗಿಸಿ ಬಂದು, ಕೈ ತೊಳೆದು, ಮೆತ್ತನೆಯ ಮಲ್ಲಿನ ಬಟ್ಟೆಯಿಂದ ಒರೆಸಿ, ವಚನದ ಧಾಟಿಗಳನ್ನು ಒಂದೊಂದೇ ತಂತಿಯಲ್ಲಿ ಹುಡುಕುತ್ತ ಕೂರುತ್ತಿದ್ದ. ಸಾಹೇಬ ಎರಡು ಮಾತು ಹೇಳಿ ಹೋಗಿದ್ದ. ಬಾರಿಸದಾಗ ತಂತಿ ಸಡಿಲ ಬಿಡಬೇಕು, ಇಲ್ಲದಿದ್ದರೆ ಹಳೆಯ ಮರ ಎಳೆತ ತಾಳದೆ ಹೊಟ್ಟೆ ಉಬ್ಬುತ್ತದೆ; ಬೇಸಿಗೆಯಲ್ಲಿ ಪೆಟ್ಟಿಗೆಯಲ್ಲಿ ಒದ್ದೆ ಬಟ್ಟೆ ಇಡಬೇಕು, ಇಲ್ಲದಿದ್ದರೆ ಬಿರಿಯುತ್ತದೆ. ಅಪ್ಪ ಎರಡನ್ನೂ ಒಂದು ದಿನವೂ ತಪ್ಪಿಸಲಿಲ್ಲ.

ತಪ್ಪಿದ್ದು ಆಯಿ. ಅದೂ ಪ್ರೀತಿಯಿಂದ.

ಅಕ್ಕನನ್ನು ಚಿತ್ತಾಪುರಕ್ಕೆ ಕೊಟ್ಟಿತ್ತು. ಯುಗಾದಿ ಕಳೆದು ಅವಳಿಗೆ ಏಳು ತಿಂಗಳು ತುಂಬಿದಾಗ ಕರೆದುಕೊಂಡು ಬಂದು ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣ ಬೇರು. ಮುತ್ತೈದೆಯರೆಲ್ಲ ಊಟ ಮಾಡಿ ಹೋದ ಮೇಲೆ ಮೊರದಲ್ಲಿ ಒಂದಿಷ್ಟು ಉಡಿಯ ಅಕ್ಕಿ ಉಳಿದಿತ್ತು. ನಾನು ನೀರು ಕುಡಿಯಲು ಒಳಗೆ ಹೋದಾಗ ಆಯಿ ಗಿಟಾರಿನ ಮುಂದೆ ಕುಳಿತಿದ್ದಳು. ಅದರ ಕತ್ತಿಗೆ ಕುಂಕುಮ ಹಚ್ಚಿದ್ದಳು. ಮೊರದಲ್ಲಿದ್ದ ಅಕ್ಕಿಯನ್ನು ಬೊಗಸೆ ಬೊಗಸೆಯಾಗಿ ಅದರ ಬಾಯಿಯೊಳಗೆ ಹಾಕುತ್ತಿದ್ದಳು.

"ನಿನಗ ಯಾರೂ ಕುಬಸಾ ಮಾಡ್ಲಿಲ್ಲ ಯವ್ವಾ. ತಗೋ. ತವರಮನಿ ಉಡಿ ತಗೋ."

ಕೊನೆಯಲ್ಲಿ ಒಂದು ಅರಿಷಿಣ ಬೇರು ಹಾಕಿದಳು. ಅದು ಒಳಗೆ ಬಿದ್ದಾಗ ತಂತಿಗಳು ಸಣ್ಣಗೆ ನರಳಿದವು.

ತಾಜುನ್ನಿಸಾ, ನಿನಗೆ ನಮ್ಮ ಪದ್ಧತಿ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ತವರಿನವರು ತುಂಬಿದ ಕುಬಸದ ಉಡಿ ಎಂದರೆ ಬರೀ ಅಕ್ಕಿಯಲ್ಲ, ಅದು ಕರೆ. ಉಡಿ ತುಂಬಿಸಿಕೊಂಡವಳು ಹೆರಿಗೆಗೆ ಆ ಮನೆಗೆ ಬಂದೇ ಬರುತ್ತಾಳೆ. ಇನ್ನೊಂದು ಮಾತಿದೆ… ಒಂದು ಸೂರಿನ ಕೆಳಗೆ ಇಬ್ಬರು ಬಾಣಂತಿಯರು ಇರಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು. ನೋಡಿದರೆ ಒಬ್ಬಳು ಉಳಿಯುವುದಿಲ್ಲ ಎನ್ನುತ್ತಿದ್ದರು. ಆಯಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಸತ್ತವಳೂ ಉಡಿಯ ಕರೆಗೆ ಬರುತ್ತಾಳೆ ಎಂದು ಅವಳಿಗೆ ಹೊಳೆದಿರಲಿಲ್ಲ.

ಹದಿನೈದು ದಿನದಲ್ಲಿ ಗಿಟಾರಿನ ಹೊಟ್ಟೆ ಉಬ್ಬತೊಡಗಿತು.

ಮೊದಲು ಅಪ್ಪ ಬಿಸಿಲು ಎಂದ. ಮರದ ಪಟ್ಟಿಯನ್ನು ಅಡ್ಡ ಇಟ್ಟು ನೋಡಿದ, ಪಟ್ಟಿಯ ಕೆಳಗೆ ಒಂದು ಕಾಗದ ತೂರುವಷ್ಟು ಸಂದು. ಮುಂದಿನ ವಾರ ಕಡ್ಡಿ ತೂರುವಷ್ಟು. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಆರೂ ತಂತಿ ಜೋತುಬೀಳುವಂತೆ ಸಡಿಲಿಸಿ ಹೋಗುತ್ತಿದ್ದ. ಮಧ್ಯಾಹ್ನ ಊಟಕ್ಕೆ ಬಂದರೆ ಆರೂ ಬಿಗಿ. ಮುಟ್ಟಿದರೆ ಕಿರುಚುವಷ್ಟು ಬಿಗಿ. "ಲಲಿತಾ, ನೀ ಮುಟ್ಟಿದೇನು?" ನಾನು ಲಿಂಗ ಮುಟ್ಟಿ ಆಣೆ ಮಾಡಿದೆ. ಅದೇ ಹೊತ್ತಿಗೆ ಒಳಗೆ ಮಲಗಿದ್ದ ಅಕ್ಕ, "ಆಯೀ, ಹೊಟ್ಟಿ ಕಲ್ಲ ಆಗ್ಯದ ನೋಡು," ಎಂದಳು.

ಅಪ್ಪ ಗಿಟಾರು ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಶಹಾಬಾದಿಗೆ ಹೋದ. ಅಲ್ಲಿ ಮಶಾಕ ಎಂಬ ಬಡಗಿ ಇದ್ದ, ಹಾರ್ಮೋನಿಯಂ ಪೆಟ್ಟಿಗೆ, ಸಿತಾರು ರಿಪೇರಿ ಮಾಡುವ ಕೈ. ಗಿಟಾರನ್ನು ಮಗುವನ್ನು ಇಸಿದುಕೊಳ್ಳುವಂತೆ ಇಸಿದುಕೊಂಡು, ಬೆನ್ನು ಸವರಿ, ಬೆರಳಿನಿಂದ ತಟ್ಟಿ ಕಿವಿ ಇಟ್ಟ.

"ಅಂಬರಾಯ ಭಾಯ್, ಇದರ ಹೊಟ್ಯಾಗ ಏನೋ ಅದ."

"ಆಯಿ ಉಡಿ ತುಂಬ್ಯಾಳ," ಎಂದೆ ನಾನು. ಅಪ್ಪನಿಗೂ ಅದು ಗೊತ್ತಾದದ್ದು ಆಗಲೇ.

"ಚೆಲ್ಲಿಬಿಡ್ರಿ ಮಶಾಕ. ಬೋರಲ ಹಾಕಿ ಝಾಡಿಸ್ರಿ," ಎಂದ ಅಪ್ಪ.

ಮಶಾಕ ಒಪ್ಪಲಿಲ್ಲ. "ನಮ್ಮ ಅಮ್ಮೀಗೂ ನಿಮ್ಮ ಕಡಿ ಗೌಡ್ತೇರು ಉಡಿ ತುಂಬ್ಯಾರ ಭಾಯ್. ತುಂಬಿದ್ದು ಚೆಲ್ಲೂದು ನನ್ನ ಕೈಲೆ ಆಗಾಂಗಿಲ್ಲ." ಆಮೇಲೆ ಹಲಗೆಯ ಜೋಡಣೆಯ ಮೇಲೆ ಉಗುರು ಎಳೆದ. "ಈ ಜೋಡ ಭಾಳ ದಿನ ತಡಿಯಾಂಗಿಲ್ಲ. ಮನ್ಯಾಗ ಯಾರರ ಬಸರಿ ಅದಾರೇನು?"

"ಮಗಳು."

ಮಶಾಕ ಗಿಟಾರನ್ನು ಮೆಲ್ಲಗೆ ಕೆಳಗೆ ಮಲಗಿಸಿದ. "ಆಕಿ ಹಡಿಯೂತನ ಇದು ಒಡೀಬಾರದು," ಎಂದ. ಒಡೆದರೆ ಏನು ಎಂದು ಅಪ್ಪ ಕೇಳಲಿಲ್ಲ. ಮಶಾಕ ತನ್ನ ಹೆಗಲ ಮೇಲಿನ ರುಮಾಲು ತೆಗೆದು ಗಿಟಾರಿಗೆ ಸುತ್ತಿ, ಆ ಬಿಸಿಲಿನಲ್ಲಿ ಬರಿಗಾಲಲ್ಲಿ ಸ್ಟೇಶನ್ನಿನವರೆಗೂ ಬಂದು ನಮ್ಮನ್ನು ಗಾಡಿ ಹತ್ತಿಸಿದ. ಅಂಥ ಮನುಷ್ಯ.

ಅಪ್ಪ ಹೆದರಿಬಿಟ್ಟಿದ್ದ. ಮಾರನೆಯ ದಿನ ಗಿಟಾರನ್ನು ಒಯ್ದು ಪಾರ್ಸಲ್ ಗೋದಾಮಿನಲ್ಲಿಟ್ಟು ಬೀಗ ಹಾಕಿದ. ಗಂಟೆಯೊಳಗೆ ಅಕ್ಕನ ಸೀರೆಗೆ ರಕ್ತ ಕಂಡಿತು. ಎಂಟನೆಯ ತಿಂಗಳು! ಆಯಿ ತಲೆಗೆ ಸೆರಗು ಕೂಡ ಹೊದೆಯದೆ ಸ್ಟೇಶನ್ನಿಗೆ ಓಡಿದಳು. ಗೂಡ್ಸ್ ಗಾಡಿಯ ಕೂಲಿಗಳೆಲ್ಲ ನೋಡುತ್ತಿದ್ದಂತೆ, "ಹೆಣ್ಣಮಗಳನ್ನ ಹೊರಗ ಹಾಕಿದೇನೋ ಭಾಡ್ಯಾ! ತಿರುಗಿ ಹೊರಗ ಹಾಕಿದೇನೋ!" ಎಂದು ಅಪ್ಪನ ಎದೆಗೆ ಗುದ್ದಿದಳು. ಗಿಟಾರು ಮನೆಗೆ ಬಂತು. ರಕ್ತ ನಿಂತಿತು.

ತಿರುಗಿ, ಎಂದಿದ್ದಳು ಆಯಿ. ಎಂದರೆ ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರುವುದೂ ಅವಳಿಗೆ ಗೊತ್ತಿತ್ತೇ?

ಆಮೇಲಿನ ದಿನಗಳೆಲ್ಲ ಹೀಗೇ. ದಿನಾ ಮಧ್ಯಾಹ್ನ ತಂತಿ ಬಿಗಿಯುವುದು, ಅಕ್ಕನ ಹೊಟ್ಟೆ ಕಲ್ಲಾಗುವುದು, ನಾವು ಮರದ ಚಟ್ ಎನ್ನುವ ಸದ್ದಿಗೆ ಕಾಯುವುದು. ಆಯಿ ಒಳಕೋಣೆಯ ನಡುವೆ ಹಳೆಯ ಜಮಖಾನ ಕಟ್ಟಿ ಪರದೆ ಮಾಡಿದಳು. ಇತ್ತ ಅಕ್ಕನ ಹೊರಸು, ಅತ್ತ ಇನ್ನೊಂದು ಹೊರಸಿನ ಮೇಲೆ ಗಿಟಾರು. ಅಕ್ಕ ಒಮ್ಮೆ ನನ್ನ ಕೈ ಹಿಡಿದು ಕೇಳಿದಳು:

"ಲಲಿತಾ, ಪರದೆ ಆಚಿ ಯಾರ ಅದಾರ?"

"ಯಾರಿಲ್ಲಕ್ಕ."

"ಸುಳ್ಳ ಹೇಳಬ್ಯಾಡ. ನನ್ನಂಗ ಯಾರೋ ಮಗ್ಗಲಾ ಬದಲಸಲಿಕತ್ತಾರ. ಹೊರಸ ಕಿರಗುಡತದ."

ಕಾರಹುಣ್ಣಿಮೆಯ ದಿನ ನಸುಕಿಗೆ ಅಕ್ಕನಿಗೆ ಬೇನೆ ಶುರುವಾಯಿತು. ಸೂಲಗಿತ್ತಿ ಜೈತುನ್‌ಬೀ ಬಂದಳು. ಬಸುರಿಯ ಮೈ ಮುಟ್ಟುವ ಮುಂಚೆ ತನ್ನ ಕೈಯನ್ನು ಒಲೆಗೆ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಿದ್ದ ಹೆಂಗಸು ಅವಳು. ಹೊತ್ತು ಏರಿತು. ಬೇನೆ ಬರುತ್ತದೆ, ಕೂಸು ಬರುವುದಿಲ್ಲ. ಅಕ್ಕನ ತುಟಿ ಬೂದಿ ಬಣ್ಣಕ್ಕೆ ತಿರುಗಿತು.

"ಗಂಟು ಬಿಚ್ರಿ," ಎಂದಳು ಜೈತುನ್‌ಬೀ.

ಹೆರಿಗೆ ತಡೆದರೆ ಮನೆಯಲ್ಲಿ ಕಟ್ಟಿದ್ದು, ಮುಚ್ಚಿದ್ದು ಯಾವುದೂ ಇರಬಾರದು, ಅದೂ ನಮ್ಮ ಪದ್ಧತಿ. ಆಯಿ ಅಕ್ಕನ ಜಡೆ ಬಿಚ್ಚಿದಳು, ತನ್ನ ತುರುಬು ಬಿಚ್ಚಿದಳು. ಅಪ್ಪ ಟ್ರಂಕಿನ ಬೀಗ ತೆಗೆದ, ಜೋಳದ ಚೀಲದ ಬಾಯಿ ಬಿಚ್ಚಿದ, ಹಿತ್ತಲಲ್ಲಿ ಆಡಿನ ಹಗ್ಗ ಕಳಚಿದ. ಬಾವಿಯ ಹಗ್ಗದ ಕುಣಿಕೆಯನ್ನೂ ಬಿಚ್ಚಿದರು. ಕೂಸು ಬರಲಿಲ್ಲ.

"ಇನ್ನೂ ಏನೋ ಬಿಗದದ ಈ ಮನ್ಯಾಗ," ಎಂದಳು ಜೈತುನ್‌ಬೀ. "ಹುಡುಕ್ರಿ. ಹೊತ್ತಿಲ್ಲ."

ನಾನು ಪರದೆ ಸರಿಸಿ ಅತ್ತ ನುಗ್ಗಿದೆ. ಗಿಟಾರಿನ ಹೊಟ್ಟೆ… ಏನು ಹೇಳಲಿ, ಹಲಗೆ ಕೊಡದಂತೆ ದುಂಡಗಾಗಿತ್ತು, ಜೋಡಣೆಯ ಗೆರೆ ಬೆಳ್ಳಗೆ ಬಿಟ್ಟುಕೊಂಡಿತ್ತು. ತಂತಿಗಳು ತಾವಾಗಿಯೇ ಸಣ್ಣಗೆ ನಡುಗುತ್ತಿದ್ದವು. ಅಪ್ಪ ಬಿರಡೆ ತಿರುಗಿಸಲು ನೋಡಿದ, ಜಗ್ಗಲಿಲ್ಲ. ಬೆರಳು ಕಿತ್ತು ರಕ್ತ ಬಂತು, ಜಗ್ಗಲಿಲ್ಲ. "ಕೊಯ್ದಬಿಡ್ತೀನಿ," ಎಂದು ಈಳಿಗೆ ತರಲು ಓಡಿದ. ಅಷ್ಟು ಬಿಗಿಯಾದ ತಂತಿ ಒಮ್ಮೆಲೇ ಹರಿದರೆ ಹಲಗೆ ಸೀಳುತ್ತದೆಂದು ನನಗೂ ಗೊತ್ತಿತ್ತು. ಆಗ…

ಟಕ್… ಟಕ್… ಟಕ್.

ಸೂರ್ಯ ನಡುನೆತ್ತಿಯಲ್ಲಿದ್ದ. ಕಾವಿಗೆ ಬಾಗಿಲು ಮುಂದೆ ಮಾಡಿ ಅಗುಳಿ ಹಾಕಿತ್ತು. ಮನೆಯಲ್ಲಿ ಎಲ್ಲವನ್ನೂ ಬಿಚ್ಚಿದ್ದೆವು, ಅದೊಂದನ್ನು ಮರೆತಿದ್ದೆವು! ಅಪ್ಪ ಈಳಿಗೆ ಹಿಡಿದುಕೊಂಡೇ ನಿಂತುಬಿಟ್ಟ. ಅವನ ಕಣ್ಣು ಅವತ್ತಿನ ಹಾಗೇ ಆಗಿದ್ದವು.

"ತೆರೀಬ್ಯಾಡ್ರಿ," ಎಂದ. "ಇಬ್ಬರು ಒಂದೇ ಮನ್ಯಾಗ… ತೆರದ್ರ ನನ್ನ ಮಗಳು ಉಳಿಯಾಂಗಿಲ್ಲ."

ಬಾಗಿಲ ಬುಡದಿಂದ ಆ ದನಿ ಬಂತು. "ಆಯೀ…"

ನನ್ನ ಬಾಯಿಂದ ಮಾತು ತಾನಾಗಿ ಹೊರಗೆ ಬಿತ್ತು. "ಅಪ್ಪಾ, ಅದು ಐವಮ್ಮ. ಅವತ್ತೂ ಆಕೀನೇ. ನಾ ಬೂಟ ನೋಡಿದ್ದೆ. ನಾ ಹೇಳ್ಲಿಲ್ಲ."

ಅಪ್ಪ ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಅವನು ಈಳಿಗೆ ಕೆಳಗಿಟ್ಟ. ಒಳಗಿನಿಂದ, ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಆಯಿಯ ದನಿ ಕೇಳಿತು, ಸಮಾಧಾನದ ದನಿ, ದಿನಾ ನೀರು ತರಲು ಹೇಳುವಂಥ ದನಿ: "ಹೋಗು ಲಲಿತಾ. ಐವಮ್ಮ ಬಂದಾಳ. ಬಾಗಲಾ ತೆಗಿ."

ಅಗುಳಿ ನನಗೆ ಎಟುಕುತ್ತಿರಲಿಲ್ಲ. ತುದಿಗಾಲಲ್ಲಿ ನಿಂತು ತೆಗೆದೆ.

ಹೊರಗೆ ಯಾರೂ ಇರಲಿಲ್ಲ. ಬೆಂಕಿಯಂಥ ಬಿಸಿಲು, ಖಾಲಿ ರಸ್ತೆ. ಆ ವರ್ಷ ಇನ್ನೂ ಒಂದು ಹನಿ ಮಳೆ ಬಿದ್ದಿರಲಿಲ್ಲ. ಆದರೂ ನಮ್ಮ ಹೊಸ್ತಿಲ ಒಳಗೆ, ಒಣ ಪರಸಿಕಲ್ಲಿನ ಮೇಲೆ, ಒಂದು ಒದ್ದೆ ಹೆಜ್ಜೆ ಮೂಡಿತು. ಬೂಟಿನ ಹೆಜ್ಜೆ. ಅದರ ಮುಂದೆ ಇನ್ನೊಂದು. ನಿಧಾನವಾಗಿ, ಭಾರ ಹೊತ್ತವರು ಗೋಡೆ ಹಿಡಿದು ನಡೆಯುವಂತೆ, ನನ್ನ ಪಕ್ಕದಿಂದ ಹಾದು, ಅಪ್ಪನನ್ನು ದಾಟಿ, ಪರದೆಯ ಆಚೆ ಹೋದವು. ಹೊರಸು ಕಿರುಗುಟ್ಟಿತು.

ಜೈತುನ್‌ಬೀ ನೋಡಿದಳು. ಕಣ್ಣು ಮುಚ್ಚಿ ಏನೋ ಹೇಳಿಕೊಂಡಳು. ಆಮೇಲೆ ನನಗೆ, "ಈಗ ತಿರುವು ಬೇಟೀ, ಮೆಲ್ಲಕ," ಎಂದಳು.

ನಾನು ಪರದೆಯ ಆಚೆ ಹೋಗಿ ಬಿರಡೆ ಮುಟ್ಟಿದೆ. ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಒಂದು ತಂತಿ ನಿಟ್ಟುಸಿರು ಬಿಟ್ಟಿತು. ಎರಡು… ಮೂರು… ಒಂದೊಂದು ಸಡಿಲಿದಾಗಲೂ ಪರದೆಯ ಇತ್ತ ಅಕ್ಕ ಕೂಗುತ್ತಿದ್ದಳು, ಅತ್ತ ಯಾರೋ ಅವಳ ಜೊತೆಗೇ ಉಸಿರು ಕಟ್ಟಿ ಬಿಡುತ್ತಿದ್ದರು. ಆರನೆಯದು ಸಡಿಲಿತು. ಕೂಸು ಅತ್ತಿತು.

ಆಮೇಲೆ, ಗಿಟಾರಿನ ಬಾಯಿಯಿಂದ, ಬಹಳ ಆಳದಿಂದ ಎಂಬಂತೆ… ಇನ್ನೊಂದು ಕೂಸು ಅತ್ತಿತು.

"ಏ ಬಸವಾ," ಎಂದ ಸಾಯಬಣ್ಣ. ಈ ಸಲ ನಗಲಿಲ್ಲ.

ಅಕ್ಕ ಉಳಿದಳು. ಗಂಡುಕೂಸು. ಸಂಜೆ ನೋಡಿದರೆ ಗಿಟಾರಿನ ಹೊಟ್ಟೆ ಸಪಾಟಾಗಿತ್ತು, ಜೋಡಣೆಯ ಗೆರೆ ಕೂಡಿಕೊಂಡಿತ್ತು. ಅಪ್ಪ ಅದನ್ನು ಬೋರಲು ಮಾಡಿ ಅಲುಗಿಸಿದ. ಅರಿಷಿಣ ಬೇರೊಂದು ಬಿತ್ತು. ಅಕ್ಕಿಯ ಒಂದು ಕಾಳೂ ಇರಲಿಲ್ಲ.

ಆಯಿ ಆಡಿದ ಮಾತಿನಂತೆ ನಡೆದುಕೊಂಡಳು. ಇಬ್ಬರಿಗೂ ಬಾಣಂತನ ಮಾಡಿದಳು. ಪರದೆಯನ್ನು ತೆಗೆಯಲಿಲ್ಲ. ದಿನಾ ಎರಡು ತಟ್ಟೆ, ಬಿಸಿ ರೊಟ್ಟಿ, ಬೆಳ್ಳುಳ್ಳಿ ಸಾರು, ಮೇಲೆ ತುಪ್ಪ. ಒಂದು ಇತ್ತ, ಒಂದು ಪರದೆಯ ಆಚೆ. ಐದನೆಯ ತಿಂಗಳಿಗೆ ಚಿತ್ತಾಪುರದಿಂದ ಭಾವ ಬಂದು, ತೊಟ್ಟಿಲು ಸಮೇತ ಅಕ್ಕನನ್ನು ಕರೆದುಕೊಂಡು ಹೋದ. ಬಾಣಂತಿಯನ್ನು ತವರಿನವರು ತಾವಾಗಿ ಕಳಿಸುವ ಹಾಗಿಲ್ಲ, ಗಂಡನ ಮನೆಯವರು ಬಂದು ಕರೆಯಬೇಕು. ಇನ್ನೊಬ್ಬಳನ್ನು ಕರೆಯಲು ಯಾರು ಬರುತ್ತಾರೆ? ಅವಳ ಗಂಡ ಯಾವ ದೇಶದಲ್ಲಿ ಮಣ್ಣಾದನೋ. ನಾವು ಸೇಡಂಗೆ ಬಂದಾಗ ಆಯಿ, "ನಡಿಯವ್ವಾ, ಹೊಸ ಮನಿಗೆ ಹೋಗೂಣು," ಎಂದು ಗಿಟಾರನ್ನು ತಾನೇ ಹೊತ್ತುಕೊಂಡು ಬಂದಳು. ಸಾಯುವಾಗ ನನಗೆ ಒಪ್ಪಿಸಿ ಹೋದಳು.

ಮಾತು ಮುಗಿಸುವ ಹೊತ್ತಿಗೆ ಮಳೆ ಸಣ್ಣಗಾಗಿತ್ತು. ಸಾಯಬಣ್ಣ ಶೇಂಗಾದ ಪೊಟ್ಟಣ ಮಡಚಿ ಕೆಳಗಿಟ್ಟು ಕೇಳಿದ:

"ಹಂಗಾರ, ಅಕ್ಕೋರ… ಈಗ ಯಾರರ ಕರೀಲಿಕ್ಕ ಬಂದ್ರೇನ್ರಿ?"

"ಎಲ್ಲಿ ಬಂದಾರೋ," ಎಂದೆ.

ಗಿಟಾರನ್ನು ಒಳಗಿನ ಹೊರಸಿನ ಮೇಲೆ ಮಲಗಿಸಿ, ಪರದೆ ಎಳೆದು ಬಂದು, ಅಡಿಗೆಮನೆಯಲ್ಲಿ ತಟ್ಟೆ ಹಾಕಿದೆ. ಸಾಯಬಣ್ಣನಿಗೆ, ತಾಜುನ್ನಿಸಾಗೆ, ನನಗೆ. ಆಮೇಲೆ ಇನ್ನೊಂದು. ರೊಟ್ಟಿ ಮುರಿದು ಹಾಕಿ, ಸಾರು ಬಿಟ್ಟು, ತುಪ್ಪ ಸುರಿದೆ. ಎತ್ತಿಕೊಂಡು ಏಳಲು ಹೋದರೆ ಮೊಣಕಾಲು ಹಿಡಿದುಕೊಂಡಿತು.

"ನೀವು ಕುಂದ್ರಿ ಅಕ್ಕೋರ," ಎಂದಳು ತಾಜುನ್ನಿಸಾ. ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು, ನನ್ನ ಕೈಯಿಂದ ತಟ್ಟೆ ಇಸಿದುಕೊಂಡು, ಪರದೆಯ ಹತ್ತಿರ ಹೋಗಿ, ಒಳಗಿನ ಬಾಣಂತಿಗೆ ಮುಜುಗರ ಆಗಬಾರದಲ್ಲ ಎಂದು ಮುಖವನ್ನು ಈಚೆ ತಿರುಗಿಸಿಕೊಂಡು, ಕೈಯನ್ನಷ್ಟೇ ಒಳಗೆ ಚಾಚಿದಳು. ಮೇಣದ ಬತ್ತಿಯ ಬೆಳಕಿನಲ್ಲಿ ಅವಳ ತೋಳು ತಟ್ಟೆಯ ಭಾರಕ್ಕೆ ಒಂದು ಕ್ಷಣ ಬಿಗಿದಿತ್ತು… ಆಮೇಲೆ, ಯಾರೋ ಎರಡೂ ಕೈಯಿಂದ ಜೋಪಾನವಾಗಿ ತೆಗೆದುಕೊಂಡಂತೆ, ಹಗುರವಾಯಿತು.